ಮೂರನೆಯ ಮಹಡಿಯ ಮೇಜು, ಪೆಟ್ಟಿಗೆಯ ಮೇಲಿಲ್ಲದ ಹೆಸರು

ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ನಿಮ್ಮ ಈ ವರ್ಷದ ‘ವೈವಿಧ್ಯ ವರದಿ’ಯ ಮುಖಪುಟದ ಚಿತ್ರ ಸುಳ್ಳು. ಆಟದ ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತು ನಗುತ್ತಿರುವ ಹೆಂಗಸು ಹನ್ನೊಂದು ವರ್ಷಗಳಲ್ಲಿ ಆ ಮೇಜಿನ ಬಳಿಗೆ ಬಂದದ್ದು ಒಂದೇ ಸಲ, ಅದೂ ಈ ಫೋಟೊಗಾಗಿ. ಗೋದಾಮಿನ ನಾಲ್ವರು ಆಕೆಯನ್ನು ಕುರ್ಚಿ ಸಮೇತ ಮೂರನೆಯ ಮಹಡಿಗೆ ಹೊತ್ತರು. ಇಪ್ಪತ್ತು ನಿಮಿಷದ ನಂತರ ಅವರೇ ಹೊತ್ತು ಇಳಿಸಿದರು. ಚಿತ್ರದ ಕೆಳಗೆ ‘ಎಲ್ಲರಿಗೂ ಜಾಗವಿರುವ ಮೇಜು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಬರೆದ ಪುಣ್ಯಾತ್ಮರಿಗೆ ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲವೆಂಬುದು ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೇ ಬರೆದರೇ?

ನಾನು ನಿಮ್ಮ ಕಂಪನಿಯ ಆಟಗಳಿಗೆ ನಿಯಮ ಪುಸ್ತಕ ಬರೆಯುವವಳು. ಪೆಟ್ಟಿಗೆ ತೆರೆದ ಕೂಡಲೇ ಜನ ಪಕ್ಕಕ್ಕೆಸೆದು, ಜಗಳ ಹತ್ತಿಕೊಂಡಾಗ ಮಾತ್ರ ಹುಡುಕುವ ಆ ಹಾಳೆಗಳು ನನ್ನವು. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಒಂದು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಚಿತ್ರದಲ್ಲಿರುವಾಕೆ ಯೋಚಿಸುವಾಗ ಅಂಗೈಯಲ್ಲಿ ದಾಳ ಉರುಳಿಸುತ್ತಿರುತ್ತಾಳೆ. ಹಾಗಾಗಿ ನಮಗೆಲ್ಲ ಆಕೆ ದಾಳದಕ್ಕ. ಕೆಲಸ ನೆಲಮಹಡಿಯ ಪರೀಕ್ಷಾ ಕೋಣೆಯಲ್ಲಿ. ಹೊಸ ಆಟವನ್ನು ಗುರುತಿಲ್ಲದವರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ತುಟಿ ಬಿಚ್ಚದೆ ನೋಡಿ ಬರೆದುಕೊಳ್ಳಬೇಕು. ನಿಮಗೆ ಇಷ್ಟು ಕೀರ್ತಿ ತಂದ ‘ಒಂದೇ ದೋಣಿ’ ಆಕೆ ಮಾಡಿದ ಆಟ. ಎಲ್ಲರೂ ಸೇರಿ ಹೊಳೆ ದಾಟಬೇಕು, ಒಬ್ಬರು ದಡದಲ್ಲಿ ಉಳಿದರೂ ಎಲ್ಲರೂ ಸೋತಂತೆ. ಔಷಧಿ ಡಬ್ಬಿಯ ರಟ್ಟು ಕತ್ತರಿಸಿ, ಅಂಗಿ ಗುಂಡಿಗಳನ್ನು ಪ್ರಯಾಣಿಕರನ್ನಾಗಿ ಮಾಡಿ ಎರಡು ವರ್ಷ ತಿದ್ದಿದಳು. ಯಾಕಿಷ್ಟು ಹಟ ಎಂದು ಕೇಳಿದ್ದೆ. “ಸೋತವ್ರು ಸುಮ್ನೆ ಕೂತು ಬೇರೆಯವ್ರು ಆಡೋದು ನೋಡ್ಬೇಕಲ್ಲ, ಅದು ನಂಗೆ ಸಾಕಾಗಿಹೋಗಿದೆ ಕಣೇ,” ಎಂದಳು.

ಈಗ ನಮ್ಮ ಘನವಾದ ಪದ್ಧತಿಗೆ ಬರೋಣ. ಪ್ರತಿ ಶುಕ್ರವಾರ ಸಂಜೆ ಮೂರನೆಯ ಮಹಡಿಯಲ್ಲಿ ಕೆಲವರು ‘ಸುಮ್ಮನೆ ಆಡಲು’ ಸೇರುತ್ತಾರೆ. ಯಾವ ಆಟ ಅಚ್ಚಿಗೆ ಹೋಗಬೇಕೆಂಬುದು ಅಲ್ಲೇ ತೀರ್ಮಾನವಾಗುತ್ತದೆ. ಆ ಕೊನೆಯ ಸುತ್ತು ಆಡಿದವರ ಹೆಸರು ‘ರಚನೆ’ ಎಂದು ಪೆಟ್ಟಿಗೆಯ ಹಿಂಬದಿಗೆ ಬೀಳುತ್ತದೆ. ಐದೇ ಜನರಿದ್ದ ಕಾಲದಲ್ಲಿ ಇದು ಸರಿಯಿತ್ತು. ಮಾಡುವವರೂ ಅವರೇ, ಆಡುವವರೂ ಅವರೇ. ಈಗ ನೂರನಲವತ್ತು ಜನರಿದ್ದೇವೆ. ಮಂಡಿನೋವಿನ ಚಿತ್ರಕಾರರು, ಮಗುವನ್ನು ಆರು ಗಂಟೆಯೊಳಗೆ ಕರೆದುಕೊಂಡು ಬರಬೇಕಾದ ತಾಯಂದಿರು, ಮೇಲಿನವರ ನಗೆಚಾಟಿಕೆ ಅರ್ಥವಾಗದ ಹೊಸ ಭಾಷೆಯವರು, ಇವರ್ಯಾರೂ ಆ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಹಾಗಿರುವಾಗ ವರದಿಯಲ್ಲಿ ತಲೆ ಎಣಿಸಿ ಯಾರಿಗೆ ತೋರಿಸುತ್ತಿದ್ದೀರಿ?

ಮೂರು ವರ್ಷದ ಹಿಂದಿನ ಒಂದು ಶುಕ್ರವಾರ ಮುಖ್ಯ ವಿನ್ಯಾಸಕರು ‘ಒಂದೇ ದೋಣಿ’ಯನ್ನು ಮೇಲಕ್ಕೆ ಒಯ್ದರು. ಮೂವರು ಆಡಿದರು. ದಾಳದಕ್ಕ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಆಟ ಮುಗಿಸಿ ಇಳಿದವರನ್ನು ಕೇಳಿದ್ದು ಒಂದೇ ಮಾತು: “ಎಲ್ರೂ ದಾಟಿದ್ರಾ?” ದಾಟಿದ್ದರು. ಮೂವರ ಹೆಸರೂ ಪೆಟ್ಟಿಗೆಯ ಮೇಲೆ ಬಂತು. ಆಕೆಯದು ಬರಲಿಲ್ಲ.

ಈ ಬಗ್ಗೆ ಆಕೆ ಕೊಟ್ಟ ಎರಡು ದೂರುಗಳಿಗೆ ನಿಮ್ಮ ಉತ್ತರದಾಯಿತ್ವ ಸಮಿತಿ ಕಳೆದ ತಿಂಗಳು ಉತ್ತರ ದಯಪಾಲಿಸಿತು. ಶುಕ್ರವಾರದ ಕೂಟ ಅನೌಪಚಾರಿಕ, ಆದ್ದರಿಂದ ಅಲ್ಲಿ ನಡೆದುದಕ್ಕೆ ಯಾರೂ ಹೊಣೆಯಲ್ಲವಂತೆ. ಎಂಥ ಜಾಣತನ ಸ್ವಾಮಿ! ಹೆಸರು ಹಾಕುವಾಗ ಔಪಚಾರಿಕ, ಪ್ರಶ್ನೆ ಬಂದಾಗ ಅನೌಪಚಾರಿಕ. ಸಮಿತಿಯ ಐವರಲ್ಲಿ ನಾಲ್ವರು ಶುಕ್ರವಾರ ಎಲ್ಲಿರುತ್ತಾರೆಂದು ನಾನು ಹೇಳಬೇಕಿಲ್ಲ.

ಕಳೆದ ವಾರ ಹೊಸ ಮುದ್ರಣದ ಮಾದರಿ ಪೆಟ್ಟಿಗೆಯನ್ನು ತಿದ್ದಲೆಂದು ಮನೆಗೆ ತಂದಿದ್ದೆ. ಗುಂಡಿಗಳ ಕಾಲದಲ್ಲೇ ದಾಳದಕ್ಕನ ಜೊತೆ ಈ ಆಟವಾಡಿದ್ದ, ಅಚ್ಚಾದ ಪೆಟ್ಟಿಗೆಯನ್ನು ಈವರೆಗೆ ನೋಡಿರದ ನಮ್ಮ ಅತ್ತೆ ಕನ್ನಡಕ ಏರಿಸಿಕೊಂಡು ಹಿಂಬದಿ ಓದಿದರು.

“ಇದು ಅವಳು ಮಾಡಿದ್ದಲ್ವೇನೇ? ನಿನ್ನ ಹೆಸರು ಯಾಕಿದೆ ಇಲ್ಲಿ?”

“ಮೇಲೆ ಒಂದು ಸುತ್ತು ಆಡಿದ್ದೆ ಅತ್ತೆ.”

“ಆಡಿದ್ರೆ ಹೆಸರು ಹಾಕ್ತಾರಾ? ಹಾಗಾದ್ರೆ ನಾನು ನಿಂಗಿಂತ ಮೊದ್ಲೇ ಆಡಿದೀನಿ. ನಂದೂ ಹಾಕ್ಸು.”

ಅವರು ನಗಲಿಲ್ಲ. ನನಗೆ ನಾಚಿಕೆಯಾಯಿತು. ಹೌದು, ಆ ಮೂವರಲ್ಲಿ ಮೂರನೆಯವಳು ನಾನೇ. ಆಕೆಯ ಹೆಸರೆಲ್ಲಿ ಎಂದಾಗ ಮುಖ್ಯ ವಿನ್ಯಾಸಕರು “ಇದೆಲ್ಲ ಇದ್ದದ್ದೇ ಬಿಡಮ್ಮ” ಎಂದರು, ನಾನೂ ಬಿಟ್ಟೆ. ಮೊದಲ ಸಲ ಆ ಮೇಜಿಗೆ ಕರೆದಿದ್ದರಲ್ಲ, ಆ ಸಂಭ್ರಮ.

ಹೊಸ ಮುದ್ರಣ ಅಚ್ಚಿಗೆ ಹೋಗಲು ಇನ್ನು ಒಂಬತ್ತು ದಿನವಿದೆ. ಅದನ್ನು ತಡೆಯಿರಿ. ರಚನೆಯ ಜಾಗದಲ್ಲಿ ಆಕೆಯ ಹೆಸರು ಹಾಕಿ. ಶುಕ್ರವಾರದ ಮೇಜನ್ನು ನೆಲಮಹಡಿಗೆ ಇಳಿಸಿ, ಕೆಲಸದ ವೇಳೆಯಲ್ಲಿ ಆಡಿಸಿ, ಯಾರು ಏನು ತೀರ್ಮಾನಿಸಿದರೆಂದು ಬರೆದಿಡಿ. ಉಳಿದಿಬ್ಬರು ತಮ್ಮ ಹೆಸರಿನ ಬಗ್ಗೆ ಏನು ಹೇಳುತ್ತಾರೋ ಅವರನ್ನೇ ಕೇಳಿ. ನನ್ನದನ್ನು ಹೊಡೆದುಹಾಕಲು ಯಾವ ಸಮಿತಿಯೂ ಕೂರಬೇಕಾಗಿಲ್ಲ.

ಈ ಪತ್ರವನ್ನು ದಾಳದಕ್ಕನಿಗೆ ಓದಿ ಹೇಳಿದೆ. ಹೊಗಳುತ್ತಾಳೆಂದುಕೊಂಡಿದ್ದೆ. “ಎಲ್ಲ ಸರಿಯಾಗಿದೆ, ಕಳ್ಸು,” ಎಂದಳು. ಅಂಗೈಯ ದಾಳವನ್ನು ಕೆಳಗಿಟ್ಟು, “ಮೂರು ವರ್ಷ ದಿನಾ ನನ್ನ ಜೊತೆ ಊಟ ಮಾಡ್ದೆ ನೀನು,” ಎಂದಳು.

ಇಂತಿ,
ತಾನು ಮಾಡದ ಆಟಕ್ಕೆ ಹೆಸರು ಹಾಕಿಸಿಕೊಂಡು ಸುಮ್ಮನಿದ್ದ,
ನಿಮ್ಮ ನಿಯಮ ಪುಸ್ತಕದವಳು