ಮುಚ್ಚಳ ತೆಗೆದರೂ ನಿಲ್ಲದ ಮಷೀನು

ಮಾರ್ಚ್ ೯, ಸೋಮವಾರ

ಪ್ರೀತಿಯ ತಂಗಿ,

ನಿನ್ನ ಮೂರು ಬೆರಳು ಹೋದ ದಿನ ನಮ್ಮ ವಾಷಿಂಗ್ ಮಷೀನ್ ಕಾರ್ಖಾನೆಯವರು ಕೂತು ಮಾಡುವ ಕೆಲಸ ಕೊಡುತ್ತೇವೆ ಅಂದರು, ಗೇಟಿನಾಚೆ ಕೂರಿಸಿದರು. ವಿಚಾರಣೆ ಮಾಡುತ್ತೇವೆ ಅಂದರು. ಅರ್ಧ ಹಾಳೆಯಲ್ಲಿ ‘ಅವಳದೇ ಅಜಾಗರೂಕತೆ’ ಎಂದು ಬರೆದು ಕೈತೊಳೆದುಕೊಂಡರು. ಆ ಮಷೀನನ್ನು ಸಾಕ್ಷಿಗೆ ಇಡುತ್ತೇವೆ ಅಂದರು. ಅದೇ ಸಂಜೆ ಒರೆಸಿ ಮಾರಿದರು. ಇಪ್ಪತ್ತೆರಡು ವರ್ಷವಾಯಿತು.

ಹೇಗಿದ್ದೀಯ? ಮೂರು ತಿಂಗಳಿಂದ ಕಾಗದ ಬರೆದಿಲ್ಲ, ಬೈದುಕೋ. ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ಮೇಲಿಂದ ಬಟ್ಟೆ ತುಂಬುವ ಹಳೇ ಮಷೀನು ಎಲ್ಲಿದೆ ಅಂದರೂ ಓಡುತ್ತೇನೆ. ಈಗ ಹನ್ನೊಂದಾಗಿವೆ. ಆ ದಪ್ಪ ಮುಚ್ಚಳ, ಕಟಕಟ ತಿರುಗುವ ಗುಂಡಿ, ತುಂಬಿದ ಬಸುರಿಯಂಥ ಗುಡುಗುಡು! ಈಗಿನವು ಬಾಯಿಗೆ ಬೀಗ ಜಡಿದುಕೊಂಡು ಕೂರುತ್ತವೆ. ನಿನ್ನ ಅತ್ತಿಗೆ, “ಹನ್ನೊಂದು ಸವತಿಯರು, ಒಬ್ಬಳೂ ಒಂದು ಟವಲ್ ಒಗೆಯೋಳಲ್ಲ” ಅಂತ ಗೊಣಗುತ್ತಾಳೆ.

ಹನ್ನೊಂದನೆಯದು ಲಾಂಡ್ರಿ ಮುದುಕನದು. “ತಗೊಂಡ್ಹೋಗಪ್ಪ, ಶನಿ ತೊಲಗಲಿ. ಮಹಾ ಹಠಮಾರಿ. ಮುಚ್ಚಳ ತೆಗೆದ್ರೂ ಸುತ್ತೋದು ನಿಲ್ಸಲ್ಲ” ಅಂದ. ಚೌಕಾಸಿ ಮಾಡದೆ ಮನೆಗೆ ತಂದೆ. ಮುಚ್ಚಳ ಎತ್ತಿದರೆ ಒಳಗಿನ ಸ್ವಿಚ್ಚು ಬಿದ್ದು ಮಷೀನು ನಿಲ್ಲಲೇಬೇಕು. ನಿಲ್ಲುತ್ತದೆ ಅಂತ ನಂಬಿಯೇ ತಾನೇ ನೀನು ಕೈ ಹಾಕಿದ್ದು?

ಅಡುಗೆಮನೆಯಲ್ಲೇ ಮೇಲಿನ ತಗಡು ಬಿಚ್ಚಿದೆ. ಸ್ವಿಚ್ಚಿಗೆ ತಾಮ್ರದ ತಂತಿ ಬಿಗಿದಿತ್ತು. ಮಷೀನಿನ ಬೆನ್ನಿಗಿದ್ದ ನಂಬರು ನೋಡಿದೆ. ವಿಚಾರಣೆಯ ಆ ಅರ್ಧ ಹಾಳೆಯಲ್ಲಿದ್ದ ನಂಬರೇ.

ಕಾರ್ಮಿಕ ಅಧಿಕಾರಿಯ ಹತ್ತಿರ ಹೋದೆ. “ಮಷೀನು ತನ್ನಿ, ಕಡತ ತೆಗೀತೀನಿ. ಆದ್ರೆ ತಂತಿ ಕಟ್ಟಿದ್ದು ಯಾರು, ಕಟ್ಟಿಸಿದ್ದು ಯಾರು ಅಂತ ಎದೆ ಮುಟ್ಟಿ ಹೇಳೋರು ಬೇಕು” ಅಂದರು. ಒಬ್ಬನಿದ್ದಾನೆ ಅಂದೆ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಎಡಗೈಯಲ್ಲಿ ನೀನು ಬರೆದ ಕಾಗದಗಳೆಲ್ಲ ನನ್ನ ಹತ್ತಿರ ಇವೆ.

ನಿನ್ನ ಅಣ್ಣ

ಮರೆತೆನೆಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ತಂತಿಯ ಗಂಟು ನನ್ನದು. ದಿನಕ್ಕೆ ನೂರಿಪ್ಪತ್ತು ಮಷೀನು ಪರೀಕ್ಷೆಯಾಗಬೇಕಿತ್ತು. ಮುಚ್ಚಳ ತೆರೆದೇ ಓಡಿಸಿ ಡ್ರಮ್ಮು ಓಲಾಡುತ್ತದೋ ನೋಡಲು ಸ್ವಿಚ್ಚು ಕಟ್ಟಿ ಅಂತ ಸೂಪರ್‌ವೈಸರ್ ಹೇಳುತ್ತಿದ್ದ, ಕಟ್ಟುತ್ತಿದ್ದೆವು, ಆಮೇಲೆ ಕತ್ತರಿಸುತ್ತಿದ್ದೆವು. ಅವತ್ತು ನಾನು ಕತ್ತರಿಸದೆ ಚಹಾಕ್ಕೆ ಹೋದೆ. ಅರ್ಧ ಹಾಳೆಯ ಕೆಳಗಿನ ಸಾಕ್ಷಿ ಸಹಿಯೂ ನನ್ನದೇ. ಆಮೇಲೆ ನಿನ್ನ ಬೆರಳಿನ ಹೆಸರಲ್ಲಿ ಗೇಟಿನೆದುರು ಗಂಟಲು ಹರಿಯುವಂತೆ ಘೋಷಣೆ ಕೂಗಿದವನೂ ನಾನೇ. ಮಷೀನುಗಳ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಪ್ರತಿಯೊಂದನ್ನೂ ತಂದವನೇ ಮೊದಲು ನಂಬರು ನೋಡುತ್ತಿದ್ದೆ.

ಕ್ಷಮಿಸು ಅನ್ನುವುದಿಲ್ಲ. ನಾನು ಹೇಳಿಕೆ ಕೊಡುವಾಗ ಬಂದು ಎದುರಿಗೆ ಕೂತು ಕೇಳಿಸಿಕೋ. ಕಾರ್ಮಿಕ ಕಚೇರಿ, ಮೊದಲನೇ ಮಹಡಿ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ.