ಕತ್ತು ವಾಲಿಸಿ ಓಡಿಸಿದ ಕಾರು

ಓಯಿಲ್‌ಡೇಲ್, ಕ್ಯಾಲಿಫೋರ್ನಿಯಾ
18 ಸೆಪ್ಟೆಂಬರ್ 1993

ತಮ್ಮ ಡೆಲ್ಬರ್ಟನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದು ಕಳಿಸಿದ ಫೋಟೋದಲ್ಲೇ ಗೊತ್ತಾಯಿತು, ಹೊಟ್ಟೆ ಕಾರಿಗಿಂತ ಮುಂದೆ ನಿಂತಿದೆ. ಬೇಸಿಗೆಯಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ ಎಂದು ಬರೆಯಬೇಕು, ಬರೆದಿದ್ದೇನೆ. ಆದರೆ ಕೆಲಸವಿದ್ದು ತಡವಾದದ್ದಲ್ಲ. ಪೆನ್ನು ಹಿಡಿದಾಗಲೆಲ್ಲ, ಅಮ್ಮ ಇದ್ದಿದ್ದರೆ ಬಾಯಿಗೆ ಸೋಪು ಹಾಕಿ ತೊಳೆಯುತ್ತಿದ್ದಂಥ ಮಾತುಗಳೇ ಬರುತ್ತಿದ್ದವು. ಈಗಲೂ ಅವೇ ಬರುತ್ತಿವೆ. ಹಳೇ ರೇಸಿನವರ ಕೂಟಕ್ಕೆ ಇನ್ನೊಂದೇ ತಿಂಗಳು ಇರುವುದರಿಂದ ಹಾಗೆಯೇ ಬರೆಯುತ್ತಿದ್ದೇನೆ.

ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ. ಹಿತ್ತಲಿನ ಟೊಮೆಟೊ ಗಿಡದಲ್ಲೇ ಬೆಂದುಹೋದವು. ಮೊನ್ನೆ ನಿನ್ನ ಹೆಂಡತಿ ನಡೀನ್ ಬಂದಿದ್ದಳು. ಪೀಚ್ ಕಡುಬು ತಂದಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಕಡುಬು ತಿಂದೆ.

ನಿನ್ನ ಭಾವ ರಾಯ್ಸನ ಹೆಲ್ಮೆಟ್ ಕೇಳಿದ್ದೀಯ. ಆ ಕೂಟದಲ್ಲಿ ಕಾರಿನ ಸೀಟಿನ ಮೇಲಿಟ್ಟು ಜನರಿಗೆ ತೋರಿಸುತ್ತೀಯಂತೆ, ನಾನು ಪಕ್ಕದಲ್ಲಿ ನಿಂತು ನಗಬೇಕಂತೆ. ಹೆಲ್ಮೆಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಾಗಿಲಿನ ಮಾತು.

ಹಳೇ ರೇಸ್ ಕಾರು ರಿಪೇರಿ ಮಾಡುವವರು ಯಾವುದಾದರೂ ಒಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಕಾರು ಹೇಗಿತ್ತೋ ಹಾಗೆಯೇ ನಿಲ್ಲಿಸುತ್ತಾರೆ ಎಂದು ನನಗೂ ಗೊತ್ತು. ಬಾಗಿಲ ಮೇಲೆ ಮಾಲೀಕನ ಹೆಸರು, ಕಿಟಕಿಯ ಕೆಳಗೆ ಓಡಿಸಿದವನ ಹೆಸರು. ನೀನು ಆರಿಸಿಕೊಂಡದ್ದು ಅರವತ್ತೊಂದನೇ ಇಸವಿ. ಎರಡೂ ಕಡೆ ನಿನ್ನ ಹೆಸರೇ ಇದ್ದ ಒಂದೇ ಒಂದು ವರ್ಷ! ಆ ವರ್ಷವೇ ಯಾಕೆಂದು ನಡೀನಳನ್ನು ಕೇಳಿದೆ.

"ಟ್ರೋಫಿ ಬಂದಿದ್ದು ಆ ವರ್ಷವೇ ಅಂತೆ ಅಲ್ವಾ ಅಕ್ಕಾ?" ಎಂದಳು.

"ಬಂತು ಕಣೇ. ಇಬ್ರೇ ಓಡೋ ರೇಸಲ್ಲಿ ಎದುರಿನವನ ಗಾಡಿ ಸ್ಟಾರ್ಟೇ ಆಗ್ಲಿಲ್ಲ, ಅದಕ್ಕೇ ಬಂತು" ಎಂದೆ.

ಕಾರು ನಿನ್ನ ಗ್ಯಾರೇಜಿನಲ್ಲಿ ಹುಟ್ಟಿತೆಂಬಂತೆ ಪತ್ರಿಕೆಯವನಿಗೆ ಹೇಳಿದ್ದೀಯಂತೆ. ಅದನ್ನು ಹೊಸದಾಗಿ ಕೊಂಡವಳು ಶಾಫ್ಟರ್ ಊರಿನ ವಿಧವೆ ಫ್ರೀಸನ್. ಆ ಪುಣ್ಯಾತ್ಗಿತ್ತಿ ಅದನ್ನು ಚರ್ಚಿಗೆ ಬಿಟ್ಟು ಬೇರೆಲ್ಲಿಗೂ ಒಯ್ದವಳಲ್ಲ. ಅವಳ ಮಕ್ಕಳಿಂದ ಕೊಂಡವನು ಆರ್ವೆಲ್ ಟಟಲ್. ಗಾಳಿಗೆ ತಡೆಯಾಗದಿರಲೆಂದು ಕಾರಿನ ಟಾಪು ಕೊಯ್ದು ತಗ್ಗಿಸಿದ. ಸೀಟನ್ನು ಹೊರಗೆ ತೆಗೆದಿಟ್ಟು, ಬರೀ ನೆಲದ ಮೇಲೆ ಕೂತು ಅಳತೆ ಹಿಡಿದ ಮಹಾನುಭಾವ! ಬೆಸುಗೆಯೆಲ್ಲ ಮುಗಿದ ಮೇಲೆ ಸೀಟು ಕೂರಿಸಿದರೆ ತಲೆಗೆ ಜಾಗವೇ ಇಲ್ಲ. ಊರೆಲ್ಲ ನಕ್ಕಿತು. ನಾಚಿಕೆಯಿಂದ ನಿನಗೆ ಮಾರಿದ.

ನೀನು ಸೀಟಿಲ್ಲದೆ, ಕಂಬಳಿ ಮಡಚಿ ಹಾಕಿಕೊಂಡು ಕೂತು ಓಡಿಸಿದೆ. ಮುಂದಿನ ವರ್ಷ, ಸೀಟನ್ನು ಬಿಗಿದಿರದಿದ್ದರೆ ಓಡಲು ಬಿಡುವುದಿಲ್ಲ ಎಂದು ರೇಸಿನವರು ಹೇಳಿದರು. ಆಗ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ನೀನು ಹೇಳಿದ್ದು ನೆನಪಿದೆಯಾ?

"ಭಾವ, ಇನ್ಮೇಲೆ ನೀವೇ ಓಡ್ಸಿ. ನನ್ ಕತ್ತು ತಡ್ಯಲ್ಲ."

ರಾಯ್ಸ್ ನಿನಗಿಂತ ಉದ್ದ. ಆದರೂ ಆ ಮನುಷ್ಯ ನಕ್ಕ. "ಕತ್ತಿರೋದೇ ಬಗ್ಸೋಕೆ ಬಿಡೋ ಮಾರಾಯ" ಎಂದ.

ಎಡಕ್ಕೆ ಕತ್ತು ವಾಲಿಸಿಯೇ ಓಡಿಸಿದ. ಟಾಪಿಗೆ ಉಜ್ಜಿ ಉಜ್ಜಿ ಹೆಲ್ಮೆಟ್ಟಿನ ಬಣ್ಣ ಒಂದು ಕಡೆ ಪೂರ್ತಿ ಹೋಗಿದೆ. ರೇಸಿಲ್ಲದ ದಿನವೂ ಊಟಕ್ಕೆ ಕೂತರೆ ತಲೆ ಎಡಕ್ಕೇ ವಾಲುತ್ತಿತ್ತು. ನಾನು ಬೀನ್ಸ್ ಬಡಿಸುತ್ತಾ ಅಂಗೈಯಿಂದ ತಲೆ ನೆಟ್ಟಗೆ ಮಾಡಿ ಹೋಗುತ್ತಿದ್ದೆ. ಒಲೆಯ ಹತ್ತಿರ ಹೋಗಿ ತಿರುಗಿ ನೋಡಿದರೆ ಮತ್ತೆ ವಾಲಿರುತ್ತಿತ್ತು.

ಈಗ ಫೋಟೋದಲ್ಲಿ ನೀನು ರಾಜನ ಹಾಗೆ ನೆಟ್ಟಗೆ ಕೂತಿದ್ದೀಯ. ತಲೆಗೂ ಟಾಪಿಗೂ ನಡುವೆ ಗೇಣುದ್ದ ಜಾಗ. ನಾನು ಬಿಡಿಸಿ ಕೇಳಿದ್ದಕ್ಕೆ ನಡೀನ್ ಹೇಳಿದಳು, "ಅವ್ರಿಗೆ ಕೂರೋಕೆ ಆಗ್ತಿರ್ಲಿಲ್ಲ ಅಕ್ಕಾ, ಸ್ವಲ್ಪ ಎತ್ತರಿಸಿದ್ರು" ಎಂದು. ಹಳೆಯದಿದ್ದ ಹಾಗೆಯೇ ಮಾಡಿದ್ದೇನೆ ಎಂದು ಊರಿಗೆಲ್ಲ ಡಂಗುರ ಹೊಡೆಯುತ್ತೀಯಲ್ಲ, ನಿನ್ನ ಮುಖಕ್ಕಿಷ್ಟು! ರಾಯ್ಸ್ ಕತ್ತು ವಾಲಿಸಿದ ಕಾರಿನ ಟಾಪು ನಿನ್ನ ಸುಖಕ್ಕೆ ಮೇಲೇರಿತು.

ಕಾರು ಕೈಯಿಂದ ಕೈಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಕಾಲುವೆಯಿಂದ ಎತ್ತಿದ ಮೇಲೆ ನೀನು ಎಂಜಿನ್ನಿಲ್ಲದ ಬರೀ ಡಬ್ಬವನ್ನು ಟುಲೇರಿ ಊರಿನವನೊಬ್ಬನಿಗೆ ಮಾರಿದೆ, ಅವನ ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು. ಆಮೇಲೆ ಫ್ರೆಸ್ನೋದ ಹಲ್ಲಿನ ಡಾಕ್ಟರು ನಜ್ಜುಗುಜ್ಜಾದದ್ದನ್ನೆಲ್ಲ ತಟ್ಟಿಸಿ, ನೇರಳೆ ಬಣ್ಣ ಬಳಿಸಿ, ಮೆರವಣಿಗೆಯಲ್ಲಿ ಮಿಠಾಯಿ ಎರಚುತ್ತ ಓಡಿಸಿ, ಕೊನೆಗೆ ನಿನಗೇ ಮಾರಿದ. ಅವರಾರೂ ರಾಯ್ಸನನ್ನು ಕಂಡವರಲ್ಲ. ಕೋಳಿಗಳಂತೂ ಕಾರು ತಮ್ಮದೆಂದು ಪತ್ರಿಕೆಗೆ ಹೇಳಲಿಲ್ಲ.

ನೀನು ಕಂಡವನು. ಅರವತ್ತಮೂರರ ಜೂನ್‌ನಲ್ಲಿ ರಾಯ್ಸ್ ಕೊನೆಯ ಗೆರೆ ದಾಟಿದ ಮೇಲೆ, ವೇಗ ತಗ್ಗಿಸುವ ಹಿಂದಿನ ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಕಾರು ಪಕ್ಕದ ಹತ್ತಿಯ ಹೊಲದ ಕಾಲುವೆಗೆ ಉರುಳಿದ್ದನ್ನು ನನ್ನ ಪಕ್ಕ ನಿಂತೇ ನೋಡಿದೆ. ನಾನು ಆಸ್ಪತ್ರೆಗೆ ಹೋದೆ. ನೀನು ಶೆಡ್ಡಿಗೆ ಹೋದೆ. ರಾಯ್ಸ್ ಉಸಿರಾಡುತ್ತಿದ್ದಾಗಲೇ ನೀನು ಎಂಜಿನ್ ಬಿಚ್ಚುತ್ತಿದ್ದೆ. ಕೆಟ್ಟ ಕಾರಿನ ಒಳ್ಳೆಯ ಎಂಜಿನ್ನು ಸುಮ್ಮನೆ ಕೂರಬಾರದು, ಬರುವ ಭಾನುವಾರದೊಳಗೆ ಇನ್ನೊಬ್ಬನ ಕಾರಿಗೆ ಏರಬೇಕು. ಇದು ನಿಮ್ಮವರ ಪದ್ಧತಿ, ರಾಯ್ಸನೂ ಬೇರೆಯವರಿಗೆ ಹಾಗೆಯೇ ಮಾಡಿದ್ದ. ಆದರೆ ಅವರು ಅವನ ಅಕ್ಕನ ಗಂಡಂದಿರಾಗಿರಲಿಲ್ಲ. ಮಣ್ಣಿಗೆ ಬಂದಾಗಲೂ ನಿನ್ನ ಉಗುರಿನಲ್ಲಿ ಗ್ರೀಸು ಇತ್ತು. ನಾನು ನಿನ್ನ ಕೈ ಹಿಡಿಯಲಿಲ್ಲ, ಇವತ್ತಿಗೂ ಹಿಡಿದಿಲ್ಲ.

ಈಗ ಹೆಲ್ಮೆಟ್ಟಿನ ಮಾತು. ಟಾಪನ್ನು ಆರ್ವೆಲ್ ಕೊಯ್ದಷ್ಟೇ ತಗ್ಗಿಸು. ಕಿಟಕಿಯ ಕೆಳಗಿನ ನಿನ್ನ ಹೆಸರು ಅಳಿಸಿ ರಾಯ್ಸನ ಹೆಸರು ಬರೆಸು. ಮಾಲೀಕನ ಹೆಸರು ನಿನ್ನದೇ ಇರಲಿ, ಸುಳ್ಳಲ್ಲ. ಆಗ ಹೆಲ್ಮೆಟ್ಟನ್ನು ನಾನೇ ತಂದು ಸೀಟಿನ ಮೇಲಿಡುತ್ತೇನೆ, ಉಜ್ಜಿದ ಕಡೆ ಟಾಪಿಗೆ ತಾಗುವ ಹಾಗೆ. ನಗು ಎಂದರೆ ಮಾತ್ರ ನಗುವುದಿಲ್ಲ. ಹೀಗೆ ಮಾಡದಿದ್ದರೂ ಬರುತ್ತೇನೆ. ಹಗ್ಗದ ಈಚೆ ನಿಂತು, ಕೇಳಿದವರಿಗೂ ಕೇಳದವರಿಗೂ ಇಷ್ಟನ್ನೂ ಹೇಳುತ್ತೇನೆ. ನನ್ನ ಗಂಟಲು ಎಂಥದ್ದೆಂದು ನಿನಗೆ ಗೊತ್ತು.

ನಿನ್ನ ಮೊಣಕಾಲಿನ ಆಪರೇಷನ್ ಸುಸೂತ್ರವಾಗಲಿ. ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ. ನಡೀನಳಿಗೆ ತಟ್ಟೆ ತೊಳೆದಿಟ್ಟಿದ್ದೇನೆಂದು ಹೇಳು.

ನಿನ್ನ ಅಕ್ಕ,
ಓಪಲ್

ಮರೆತ ಮಾತು: ಆಸ್ಪತ್ರೆಯಲ್ಲಿ ರಾಯ್ಸನಿಗೆ ಒಮ್ಮೆ ಎಚ್ಚರವಾಗಿತ್ತು. ನಾನು ಕೈ ಹಿಡಿದು ಕೂತಿದ್ದೆ. "ಡೆಲ್ ಎಲ್ಲಿ? ಎಂಜಿನ್ ಸರಿಯಾಗಿದ್ಯಂತಾ?" ಎಂದು ಕೇಳಿದ. "ಸರಿಯಾಗಿದೆ, ಡೆಲ್ ಬರ್ತಿದ್ದಾನೆ" ಎಂದೆ. "ಒಳ್ಳೇದು" ಎಂದು ಕಣ್ಣು ಮುಚ್ಚಿದ. ನನ್ನ ಹೆಸರು ಬರಲಿಲ್ಲ, ಡೆಲ್. ಬರುತ್ತದೆಂದು ಬೆಳಗಿನವರೆಗೂ ಅವನ ತುಟಿಯನ್ನೇ ನೋಡುತ್ತ ಕೂತಿದ್ದೆ. ಸತ್ತವನ ಜೊತೆ ಜಗಳವಾಡಲು ಆಗುವುದಿಲ್ಲ. ನೀನು ಬದುಕಿದ್ದೀಯ.