ಮೂತಿಗೆ ಕಟ್ಟಿದ ಬಟ್ಟೆಗಳು

ಏಪ್ರಿಲ್ 9, ಸಂಜೆ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ಚುಂಫೋನ್ ಊರು ದಾಟಿದ ಮೇಲೆ, ಪೆಟ್ರೋಲ್ ಬಂಕಿನಲ್ಲಿ, ಐಸ್ ಕಾಫಿ ಕುಡಿಯುತ್ತಾ ಪ್ರಾಮೋತ್‌ಗೆ 'ಹೂಂ' ಎಂದೆ. ಉಂಗುರ ಬೆರಳಲ್ಲಿದೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಎರಡನೆಯ ಮದುವೆ. ಅಮ್ಮನಿಗೂ ಫೋನ್ ಮಾಡಿಲ್ಲ. ನಾಚಿಕೆಯೋ, ನಂಬಿಕೆ ಸಾಲದೋ...

ಹೊರಟದ್ದು ದ್ವೀಪಕ್ಕೆ, ಅವನ ಹೋಟೆಲ್ ನೋಡಲು. ಥಾಯ್ ಹೊಸವರ್ಷದ ನೂಕುನುಗ್ಗಲು. ಫೆರಿಯಲ್ಲಿ ನಾಡಿದ್ದಿನವರೆಗೆ ಕಾರಿಗೆ ಜಾಗವಿಲ್ಲ. ಹಾಗಾಗಿ ಈ ಬಂದರು, ಅವನು ಹುಟ್ಟಿದ ಊರು, ಅವನ ಅಕ್ಕ ಲಮಾಯ್ ಮನೆ.

"ಯಾರನ್ನೂ ಇಲ್ಲಿಗೆ ಕರ್ಕೊಂಡ್ ಬಂದಿಲ್ಲ ಮೋನ್. ನೀನೇ ಮೊದಲು," ಎಂದ. ಕಾರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ.

ವಾಸನೆ. ಬರೀ ಮೀನಾದರೆ ಸಹಿಸಬಹುದಿತ್ತು. ಇದು ಮೀನುಹಿಟ್ಟಿನ ಕಾರ್ಖಾನೆಯದು — ಕೊಳೆತದ್ದನ್ನು ಮತ್ತೆ ಬೇಯಿಸಿದ ಹಾಗೆ. ಚರಂಡಿಯಲ್ಲಿ ಸಿಗಡಿ ತಲೆಗಳು. ಅವುಗಳ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ನೊಣ. ಬಚ್ಚಲಿಗೆ ಹೋದರೆ ನನ್ನ ಟೂತ್‌ಬ್ರಷ್ ಮೇಲೆ ಒಂದು ಮೀನಿನ ಹುರುಪೆ, ಮಿರಿಮಿರಿ ಹೊಳೆಯುತ್ತಾ.

ಹಲ್ಲುಜ್ಜಲಿಲ್ಲ.

ಏಪ್ರಿಲ್ 10, ಬೆಳಿಗ್ಗೆ

ಲಮಾಯ್ ಅಕ್ಕ ಅಂಗಳದಲ್ಲಿ ಬೊಂಡಾಸು ಮೀನು ಒಣಹಾಕುತ್ತಿದ್ದಳು. ಮಾತನಾಡಿಸಲು ಹೋದೆ, ಉಸಿರು ಬಿಗಿಹಿಡಿದು.

"ಮೂಗು ಮುಚ್ಕೋ ಟೀಚರಮ್ಮ, ಸಂಕೋಚ ಬೇಡ. ನಂಗೂ ವಾಸನೆ ಬರತ್ತೆ. ಆದ್ರೆ ನಾನೂ ಮೂಗು ಮುಚ್ಕೊಂಡ್ರೆ ಇದನ್ನ ಯಾವ ಕೈಲಿ ತಿರುವಿ ಹಾಕ್ಲಿ?"

ನಕ್ಕೆ. ಉಸಿರು ಒಳಗೆ ಹೋಯಿತು. ವಾಂತಿ ಬರುವಂತಾಯಿತು. ಅವಳು ಇನ್ನೂ ಜೋರಾಗಿ ನಕ್ಕಳು.

ತಿಂಡಿಗೆ ಗಂಜಿ, ಕರಿದ ಮೀನು. ಪ್ರಾಮೋತ್ ಅಂಗಡಿಯ ಸ್ಯಾಂಡ್‌ವಿಚ್ ಪೊಟ್ಟಣ ಬಿಚ್ಚಿದ. ತಿನ್ನುವ ಮೊದಲು ಕೈಗೆ ಸೆಂಟು ಹೊಡೆದುಕೊಂಡ.

"ನನ್ನ ಗಂಜಿಗೆ ವಿಷ ಹಾಕಿದೀನೇನೋ?"

"ಹೊಟ್ಟೆ ಸರಿಯಿಲ್ಲ ಅಕ್ಕ."

ನಾನೂ ಎರಡೇ ಚಮಚ ತಿಂದೆ. ಹಾಗಾದರೆ ಅವನನ್ನು ನೋಡಿ ಹೇಸಿಕೊಳ್ಳಲು ನನಗೇನು ಹಕ್ಕು?

ಅದೇ ದಿನ, ಮೂರು ಗಂಟೆ

ಅಪ್ಪನ ಕಾಲದ ದೋಣಿ ತೋರಿಸುತ್ತೇನೆಂದು ಲಮಾಯ್ ಅಕ್ಕ ದೋಣಿ ಕಟ್ಟುವ ಧಕ್ಕೆಗೆ ಕರೆದುಕೊಂಡು ಹೋದಳು. ಪ್ರಾಮೋತ್ ಫೋನ್ ಹಿಡಿದು ಹಿಂದೆ ಬಂದ. ದೋಣಿ ಈಗ ಕಡಲಿಗಿಳಿಯುವುದಿಲ್ಲ. ಡೀಸೆಲ್ ತೇಲುವ ನೀರಿನಲ್ಲಿ, ಸತ್ತ ಮೀನುಗಳ ನಡುವೆ ಕಟ್ಟಿಹಾಕಿದೆ. ಮೂತಿಯಲ್ಲಿ ಮಾತ್ರ ಹೂಮಾಲೆ, ಬಣ್ಣದ ಬಟ್ಟೆ. ದೋಣಿಯನ್ನು ಕಾಯುವ ದೇವಿ, ಆ ತಾಯಿ, ಅಲ್ಲಿರುತ್ತಾಳಲ್ಲ.

ಅಕ್ಕ ಚೀಲದಿಂದ ನೀಲಿ ಬಟ್ಟೆ ತೆಗೆದಳು. "ನಮ್ಮನೆಗೆ ಬರೋ ಹೆಣ್ಣನ್ನ ಮೊದ್ಲು ತಾಯಿಗೆ ತೋರಿಸ್ಬೇಕು. ಕಟ್ಟು ತಂಗಿ. ಹಳದಿ ಸಿರೀಪೋನ್‌ದು. ಗುಲಾಬಿ ಆ ನರ್ಸ್‌ದು, ಚೆನ್ನಾಗಿ ನಗೋಳು. ಹಸಿರು ಹೋದ ವರ್ಷ ಹಬ್ಬಕ್ಕೆ ಬಂದವಳದ್ದು. ಅದಕ್ಕೇ ನಿಂಗೆ ನೀಲಿ."

ಸಿರೀಪೋನ್ ಅವನ ಮೊದಲ ಹೆಂಡತಿ, ಅದು ಗೊತ್ತು. ಹೋದ ವರ್ಷದ ಹಬ್ಬಕ್ಕೆ ನನ್ನನ್ನು ಬ್ಯಾಂಕಾಕಿನಲ್ಲೇ ಬಿಟ್ಟು ಬಂದಿದ್ದ. ಅಕ್ಕನಿಗೆ ಹುಷಾರಿಲ್ಲ ಎಂದು.

"ಹಳೇದೆಲ್ಲ ಬಿಚ್ಚಿ ಬಿಸಾಡೋದಲ್ವಾ!" ಪ್ರಾಮೋತ್‌ನ ದನಿ ಒಡೆದಿತ್ತು.

"ತಾಯಿಗೆ ಕಟ್ಟಿದ್ದನ್ನ ಬಿಚ್ತಾರೇನೋ? ತಾನಾಗೇ ಕೊಳೆತು ಬೀಳ್ಬೇಕು. ಊರು ಬಿಟ್ಟಿದ್ದೇ ಎಲ್ಲಾ ಮರೆತ್ಯಾ?"

ಅವನು ನನ್ನ ಕಡೆ ತಿರುಗಿದ. "ಅಕ್ಕಂಗೆ ತಲೆ ನಿಲ್ಲಲ್ಲ ಮೋನ್. ನಮ್ಮ ಚಿಕ್ಕಪ್ಪನ ಸೊಸೆಯಂದಿರನ್ನೆಲ್ಲ ನನ್ನ ತಲೆಗೆ ಕಟ್ತಾಳೆ. ಪಾಪ, ಅರಳು ಮರಳು."

ಅವಳ ಎದುರಿಗೇ, ಅವಳಿಗೆ ಕಿವಿಯೇ ಇಲ್ಲವೆಂಬಂತೆ.

ಅಕ್ಕ ಅವನನ್ನು ನೋಡಿದಳು. ಆಮೇಲೆ ನನ್ನನ್ನು. ಕಣ್ಣಲ್ಲಿ ಮರೆವಿನ ಸುಳಿವಿಲ್ಲ. "ಹೂಂ. ಇತ್ತೀಚೆಗೆ ಮರೆವು," ಎಂದಳು.

ಮೀನುಹಿಟ್ಟಿನ ವಾಸನೆ ಆಗ ಏನೂ ಅನ್ನಿಸಲಿಲ್ಲ. ಅವನ ಸೆಂಟಿಗೆ ಮೂಗು ಮುಚ್ಚಿಕೊಂಡೆ.

"ನಾಳೆ ಕಟ್ತೀನಿ ಅಕ್ಕ," ಎಂದು ಬಟ್ಟೆ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಅವನು ಫೋನ್ ಬಂತೆಂದು ಆಚೆ ಹೋದ.

ಅಕ್ಕ ಮೆಲ್ಲಗೆ ಹೇಳಿದಳು: "ನಾಳೆ ಅನ್ನೋರು ಕಟ್ಟಲ್ಲ. ಆ ನರ್ಸೂ ನಾಳೆ ಅಂದಿದ್ರೆ ಚೆನ್ನಾಗಿತ್ತು. ಬೆಳಿಗ್ಗೆ ಮಾರ್ಕೆಟ್ ಹತ್ರ ಬ್ಯಾಂಕಾಕ್‌ಗೆ ವ್ಯಾನ್ ಸಿಗತ್ತೆ."

ಏಪ್ರಿಲ್ 14, ಬ್ಯಾಂಕಾಕ್

ಬೀದಿಯಲ್ಲಿ ಹೊಸವರ್ಷದ ನೀರೆರಚಾಟ. ನಾನು ಹೊರಗೆ ಹೋಗಿಲ್ಲ. ಬಟ್ಟೆಗಳನ್ನು ಮತ್ತೆ ಮತ್ತೆ ಒಗೆದೆ. ಈಗಲೂ ನಾತ. ಕೂದಲಲ್ಲೂ. ಊಟ ಸೇರುತ್ತಿಲ್ಲ.

ಪ್ರಾಮೋತ್‌ನ ಮೆಸೇಜ್: "ಆ ಮುದುಕಿ ಮಾತು ನಂಬ್ತೀಯಾ?"

"ನಂಬ್ತೀನಿ," ಎಂದು ಬರೆದೆ.

ಒಂದು ಮಾತು ಕೊರೆಯುತ್ತಿದೆ. ವ್ಯಾನ್ ಹತ್ತುವಾಗ ಅಕ್ಕ ನನ್ನ ಕೈ ಹಿಡಿದಳು. ಒದ್ದೆ ಕೈ, ಬೊಂಡಾಸಿನ ಲೋಳೆ. ನಾನು ಕೈ ಹಿಂದಕ್ಕೆಳೆದುಕೊಂಡೆ. ಅವಳು ನಕ್ಕು ಲುಂಗಿಗೆ ಕೈ ಒರೆಸಿಕೊಂಡಳು. ಅವನೂ ಹೀಗೇ ಶುರುಮಾಡಿರಬೇಕು, ಒಂದು ದಿನ ಕೈ ಎಳೆದುಕೊಂಡು...

ಸೆಕೆಗೆ ಬೆರಳು ಊದಿತ್ತು. ಸೋಪು ಹಚ್ಚಿ ಉಂಗುರ ತೆಗೆದೆ. ಅದನ್ನು ಅಕ್ಕನ ವಿಳಾಸಕ್ಕೆ ಕಳಿಸಿ, ಅವಳ ಕೈಯಿಂದಲೇ ಅವನಿಗೆ ಕೊಡಿಸೋಣ ಎಂದುಕೊಂಡೆ. ಬೇಡ. ಅವನಿಗಾಗಿ ಅವಳು ಹೊತ್ತದ್ದು ಸಾಕು. ಅವನ ಹೋಟೆಲಿನ ವಿಳಾಸ ಬರೆದೆ. ನೀಲಿ ಬಟ್ಟೆ ನನ್ನ ಹತ್ತಿರವೇ ಇರಲಿ. ಇನ್ನೂ ಒಗೆದಿಲ್ಲ.

ಹಬ್ಬಕ್ಕೆ ಅಂಚೆ ಕಚೇರಿ ಮುಚ್ಚಿದೆ. ಇನ್ನು ತೆರೆಯುವುದು ಹದಿನಾರನೇ ತಾರೀಕು, ಗುರುವಾರ.